ಮೊದಲು ಸ್ಟಾಫ್ ರೂಮು, ಆಮೇಲೆ ತರಗತಿ

ಒಬ್ಬರು ಸರ್ಕಾರಿ ಪ್ರೌಢಶಾಲೆಯೊಂದರ ಮುಖ್ಯಶಿಕ್ಷಕಿ. ಇನ್ನೊಬ್ಬರು ಅವರಿಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಈಗ ನಿವೃತ್ತರಾಗಿರುವ ಮೇಷ್ಟ್ರು. ಇಡೀ ಶಾಲೆಗೆ ಮೈಂಡ್‌ಫುಲ್‌ನೆಸ್ ಅಭ್ಯಾಸವನ್ನು ತರುವುದು ಹೇಗೆ, ತಂದದ್ದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು ಅವರ ಮಾತಿನ ವಿಷಯ.

ಮೇಷ್ಟ್ರು: ಈ ಸಲ ಶಾಲೆ ತೆರೆದ ಮೇಲೆ ಮಕ್ಕಳಿಗೆ ಧ್ಯಾನ ಶುರು ಮಾಡಿಸ್ತೀಯಂತೆ. ಮೇಲಿನಿಂದ ಆದೇಶ ಏನಾದರೂ ಬಂದಿದೆಯೇನಮ್ಮ?

ಶಿಕ್ಷಕಿ: ಆದೇಶ ಏನೂ ಇಲ್ಲ ಮೇಷ್ಟ್ರೇ, ನನಗೇ ಬೇಕು ಅನ್ನಿಸಿತು. ಹತ್ತನೇ ತರಗತಿಯವರಿಗೆ ಬೆಳಿಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ, ನಡುವೆ ಕಿರುಪರೀಕ್ಷೆ. ಪ್ರಶ್ನೆಪತ್ರಿಕೆ ಕೈಗೆ ಬಂದರೆ ಓದಿದ್ದೆಲ್ಲ ಅಳಿಸಿಹೋಗುತ್ತೆ ಅಂತ ಅಳ್ತಾರೆ. ಎಂಟನೇ ತರಗತಿಯವರು ಸಣ್ಣ ಮಾತಿಗೆ ಕೈ ಕೈ ಮಿಲಾಯಿಸ್ತಾರೆ. ಶಿಕ್ಷಕರು ಮಧ್ಯಾಹ್ನದ ಹೊತ್ತಿಗೇ ಸುಸ್ತಾಗಿರ್ತಾರೆ. ಎಲ್ಲರೂ ಎಲ್ಲಿಗೋ ಓಡ್ತಿದ್ದಾರೆ, ಯಾರೂ ಇದ್ದಲ್ಲಿ ಇಲ್ಲ.

ಮೇಷ್ಟ್ರು: ಕೇಳಿದ್ದಕ್ಕೆ ಕಾರಣ ಇದೆ. 2022ರ ನವೆಂಬರ್‌ನಲ್ಲಿ ನಮ್ಮ ರಾಜ್ಯದ ಆಗಿನ ಶಿಕ್ಷಣ ಸಚಿವರು ಶಾಲೆ–ಕಾಲೇಜುಗಳಲ್ಲಿ ದಿನಕ್ಕೆ ಹತ್ತು ನಿಮಿಷ ಧ್ಯಾನ ಮಾಡಿಸಬೇಕು ಅಂತ ಸೂಚಿಸಿದ್ದರು. ಪತ್ರಿಕೆಗಳಲ್ಲಿ ಪರ–ವಿರೋಧ ಚರ್ಚೆಯೂ ಆಯಿತು. ಬೆಳಗಿನ ಪ್ರಾರ್ಥನಾ ಸಭೆಯನ್ನೇ ನೋಡು. ನಾಡಗೀತೆ, ರಾಷ್ಟ್ರಗೀತೆ, ಸಂವಿಧಾನದ ಪೀಠಿಕೆ, ಸುದ್ದಿ ಓದೋದು, ಸೂಚನೆಗಳು. ಅಷ್ಟರಲ್ಲಿ ಬಿಸಿಲಿಗೆ ಒಂದು ಮಗು ತಲೆ ಸುತ್ತಿ ಕೂತಿರುತ್ತೆ. ಅದರ ಮೇಲೆ ಇನ್ನೊಂದು ಹೊರೆ ಹಾಕೋದಾದರೆ ನಾನು ಖಂಡಿತ ಬೇಡ ಅಂತೀನಿ.

ಶಿಕ್ಷಕಿ: ನಾನೂ ಬೇಡ ಅಂತೀನಿ. ಸಭೆಯಲ್ಲಿ ಮೈಕ್ ಹಿಡಿದು ‘ಎಲ್ಲರೂ ಕಣ್ಣು ಮುಚ್ಚಿ’ ಅಂತ ಹೇಳೋ ಕೆಲಸ ಅಲ್ಲ ಇದು. ನಾನು ಹೇಳ್ತಿರೋದು ಮೈಂಡ್‌ಫುಲ್‌ನೆಸ್. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್–ಜಿನ್ ಅನ್ನೋರು ವರ್ಷಗಟ್ಟಲೆ ನೋವು ತಿಂದ ರೋಗಿಗಳಿಗಾಗಿ ಕೆಲವು ವಾರಗಳ ತರಬೇತಿ ಶುರು ಮಾಡಿದರು. ಬೌದ್ಧ ಧ್ಯಾನದಿಂದ, ಯೋಗದಿಂದ ಕಲಿತದ್ದನ್ನು ಧರ್ಮದ ಚೌಕಟ್ಟಿನಿಂದ ಹೊರಗೆ ತಂದು, ಆಸ್ಪತ್ರೆಯಲ್ಲಿ ಯಾರು ಬೇಕಾದರೂ ಮಾಡಬಹುದಾದ ಅಭ್ಯಾಸವಾಗಿ ಕಟ್ಟಿದರು. ಅಲ್ಲಿಂದ ಅದು ಶಾಲೆಗಳಿಗೂ ಬಂತು. ಈಗ ನಡೀತಿರೋದನ್ನು, ಅದು ಉಸಿರಾಗಲಿ, ಸದ್ದಾಗಲಿ, ಸಿಟ್ಟಾಗಲಿ, ಅಳೆಯದೆ, ತಳ್ಳದೆ ಗಮನಿಸೋದು. ಇಷ್ಟೇ ಅದರ ತಿರುಳು.

ಮೇಷ್ಟ್ರು: ಧರ್ಮದ ಚೌಕಟ್ಟಿನಿಂದ ಹೊರಗೆ ಅಂತೀಯ. ನಮ್ಮಲ್ಲಿ ಧ್ಯಾನ ಅಂದ ಕೂಡಲೆ ಯಾರೋ ಒಂದು ಫೋಟೊ ತಂದಿಡ್ತಾರೆ, ಇನ್ಯಾರೋ ಶ್ಲೋಕ ಹಾಕ್ತಾರೆ. ಸರ್ಕಾರದ ದುಡ್ಡಿನಲ್ಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಅಂತ ಸಂವಿಧಾನದ 28ನೇ ವಿಧಿ ಹೇಳುತ್ತೆ. ನಿನ್ನ ಶಾಲೆಯಲ್ಲಿ ಎಲ್ಲ ಮನೆಯ ಮಕ್ಕಳೂ ಇದ್ದಾರೆ.

ಶಿಕ್ಷಕಿ: ಅದಕ್ಕೇ ಮೊದಲ ನಿಯಮ: ಫೋಟೊ ಇಲ್ಲ, ಮಂತ್ರ ಇಲ್ಲ, ದೀಪ ಇಲ್ಲ, ಕೈ ಇಂಥ ಮುದ್ರೆಯಲ್ಲೇ ಇರಬೇಕು ಅಂತಿಲ್ಲ. ಒಂದು ಅಭ್ಯಾಸ ಹೇಳ್ತೀನಿ. ನಮ್ಮ ಶಾಲೆಯಲ್ಲಿ ಇನ್ನೂ ರೈಲು ಕಂಬಿಯ ತುಂಡಿನ ಗಂಟೆಯೇ ಇರೋದು. ಒಂದು ಸಲ ಹೊಡೆದು, ‘ಸದ್ದು ಪೂರ್ತಿ ನಿಂತುಹೋಯ್ತು ಅಂತ ಅನ್ನಿಸಿದಾಗ ಕೈ ಎತ್ತಿ’ ಅಂತ ಮಕ್ಕಳಿಗೆ ಹೇಳಬೇಕು. ಕೆಲವರು ತಕ್ಷಣ ಎತ್ತುತ್ತಾರೆ. ಕೆಲವರು ತಲೆ ಓರೆ ಮಾಡಿಕೊಂಡು ಕಾಯ್ತಾರೆ. ಕಂಬಿಯ ದೊಡ್ಡ ಸದ್ದು ಹೋದ ಮೇಲೂ ಸಣ್ಣದೊಂದು ಗುಂಯ್‌ಗುಡುವಿಕೆ ಉಳಿದಿರುತ್ತೆ. ಅದನ್ನು ಹಿಂಬಾಲಿಸಿದ ಮಗುವಿಗೆ ಅಷ್ಟು ಹೊತ್ತು ಬೇರೆ ಯೋಚನೆ ಇರಲ್ಲ. ಇದರಲ್ಲಿ ಯಾವ ಜಾತಿ, ಯಾವ ಧರ್ಮ?

ಮೇಷ್ಟ್ರು: ಚೆನ್ನಾಗಿದೆ. ಆದರೆ ಚೆನ್ನಾಗಿರೋದೆಲ್ಲ ಕೆಲಸ ಮಾಡಬೇಕಲ್ಲ. ನಾನು ಲೆಕ್ಕದ ಮೇಷ್ಟ್ರು. ಇದರಿಂದ ಮಕ್ಕಳಿಗೆ ಒಳ್ಳೆಯದಾಗಿದೆ ಅಂತ ಯಾರಾದರೂ ಅಳೆದು ನೋಡಿದ್ದಾರಾ?

ಶಿಕ್ಷಕಿ: ನೋಡಿದ್ದಾರೆ. ಆ ಫಲಿತಾಂಶ ನನ್ನ ಪರವಾಗಿಲ್ಲ, ಆದರೂ ಮುಚ್ಚಿಡದೆ ಹೇಳ್ತೀನಿ. ಬ್ರಿಟನ್ನಿನಲ್ಲಿ ಮಿರಿಯಡ್ ಅನ್ನೋ ಹೆಸರಿನ ದೊಡ್ಡ ಅಧ್ಯಯನ ನಡೀತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲ್ಲೆಮ್ ಕೈಕನ್ ಅದರ ಮುಂದಾಳು. ಎಂಬತ್ತಕ್ಕೂ ಹೆಚ್ಚು ಶಾಲೆಗಳು, 11ರಿಂದ 13 ವಯಸ್ಸಿನ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳು. ಅರ್ಧ ಶಾಲೆಗಳಲ್ಲಿ ಹತ್ತು ಪಾಠಗಳ ಮೈಂಡ್‌ಫುಲ್‌ನೆಸ್ ಕೋರ್ಸ್, ಉಳಿದ ಕಡೆ ಎಂದಿನ ಹಾಗೆ ಜೀವನ ಕೌಶಲದ ಪಾಠ. ಫಲಿತಾಂಶ 2022ರಲ್ಲಿ ಪ್ರಕಟ ಆಯ್ತು. ಒಂದು ವರ್ಷದ ಮೇಲೆ ನೋಡಿದರೆ ಎರಡೂ ಕಡೆಯ ಮಕ್ಕಳ ಮನಸ್ಸಿನ ಆರೋಗ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೊದಲೇ ತೊಂದರೆಯಲ್ಲಿದ್ದ ಮಕ್ಕಳಲ್ಲಿ ಪರಿಸ್ಥಿತಿ ಸ್ವಲ್ಪ ಬಿಗಡಾಯಿಸಿರಬಹುದು ಅನ್ನೋ ಸೂಚನೆಯೂ ಇತ್ತು.

ಮೇಷ್ಟ್ರು: ಇಷ್ಟು ಗೊತ್ತಿದ್ದೂ ಶುರು ಮಾಡ್ತೀಯಾ?

ಶಿಕ್ಷಕಿ: ಇಷ್ಟು ಗೊತ್ತಿರೋದರಿಂದಲೇ ಬೇರೆ ರೀತಿ ಶುರು ಮಾಡ್ತೀನಿ. ಅದೇ ಅಧ್ಯಯನದಲ್ಲಿ ಇನ್ನೆರಡು ಸಂಗತಿ ಇವೆ. ಒಂದು, ಹೇಳಿಕೊಟ್ಟ ಅಭ್ಯಾಸವನ್ನು ಬಹುಪಾಲು ಮಕ್ಕಳು ಮನೆಯಲ್ಲಿ ಮಾಡಲೇ ಇಲ್ಲ. ಅವರ ಮಟ್ಟಿಗೆ ಅದು ಹತ್ತು ಪಾಠ ಆಯ್ತು, ಮುಗೀತು. ಇನ್ನೊಂದು, ತರಬೇತಿ ಪಡೆದ ಶಿಕ್ಷಕರಲ್ಲಿ ಬಳಲಿಕೆ ಕಡಿಮೆಯಾಯಿತು, ಶಾಲೆಯ ವಾತಾವರಣವೂ ಸುಧಾರಿಸಿತು. ಮಕ್ಕಳಿಗೆ ಕಲಿಸೋ ಮೊದಲು ಆ ಶಿಕ್ಷಕರು ತಾವೇ ಎಂಟು ವಾರ ಅಭ್ಯಾಸ ಮಾಡಿದ್ದರು. ಆದರೆ ಆ ಲಾಭವೂ ವರ್ಷ ಕಳೆಯೋದರೊಳಗೆ ಬಹುಪಾಲು ಕರಗಿಹೋಯ್ತು.

ಮೇಷ್ಟ್ರು: ಅಂದರೆ ಎಲ್ಲಿ ಶುರು ಮಾಡಬೇಕು ಅನ್ನೋದು ಗೊತ್ತಾಯ್ತು. ಅದನ್ನು ಉಳಿಸಿಕೊಳ್ಳೋದು ಹೇಗೆ ಅನ್ನೋದು ಗೊತ್ತಾಗಲಿಲ್ಲ.

ಶಿಕ್ಷಕಿ: ಸರಿಯಾಗಿ ಹೇಳಿದಿರಿ.

ಮೇಷ್ಟ್ರು: ಹಾಗಾದರೆ ನನಗೆ ಗೊತ್ತಿರೋ ಹಳೆಯ ಶಾಲೆಗಳನ್ನು ನೆನಪು ಮಾಡಿಕೊಳ್ತೀನಿ. ರವೀಂದ್ರನಾಥ ಟ್ಯಾಗೋರ್ 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದರಲ್ಲ, ಅಲ್ಲಿ ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ ಮಕ್ಕಳು ಸುಮ್ಮನೆ ಕೂರಬೇಕಿತ್ತು. ಧ್ಯಾನ ಮಾಡ್ತಿರೋ ಹಾಗೆ ನಟಿಸಬೇಕಿಲ್ಲ, ದೇವರ ಬದಲು ಮರ ಹತ್ತೋ ಅಳಿಲನ್ನು ನೋಡ್ತಿದ್ದರೂ ಪರವಾಗಿಲ್ಲ, ಸುಮ್ಮನಿದ್ದರೆ ಸಾಕು ಅಂತ ಅವರೇ ಬರೆದಿದ್ದಾರೆ. ಮದನಪಲ್ಲಿ ಹತ್ತಿರ ಜಿಡ್ಡು ಕೃಷ್ಣಮೂರ್ತಿಯವರ ರಿಷಿ ವ್ಯಾಲಿ ಶಾಲೆ ಇದೆ. ಅಲ್ಲಿ ಸಂಜೆ ಮಕ್ಕಳು ಒಟ್ಟಿಗೆ ಕೂತು ಸೂರ್ಯ ಮುಳುಗೋದನ್ನು ಮೌನವಾಗಿ ನೋಡ್ತಾರೆ. ಅಸ್ತಾಚಲ ಅಂತಾರೆ ಅದಕ್ಕೆ.

ಶಿಕ್ಷಕಿ: ಮಾಂಟೆಸೊರಿಯವರ ಮೌನದ ಆಟವೂ ಅಂಥದ್ದೇ ಮೇಷ್ಟ್ರೇ. ಮಕ್ಕಳು ಅಲುಗಾಡದೆ ಕೂತಿರ್ತಾರೆ. ಪಕ್ಕದ ಕೋಣೆಯಿಂದ ಒಬ್ಬೊಬ್ಬರ ಹೆಸರನ್ನೂ ಪಿಸುಮಾತಿನಲ್ಲಿ ಕರೀತಾರೆ. ಕರೆದ ಮಗು ಸದ್ದಾಗದ ಹಾಗೆ ಎದ್ದು ಬರಬೇಕು. ತನ್ನ ಹೆಸರಿಗಾಗಿ ಕಿವಿಗೊಟ್ಟು ಕೂರೋ ಮೌನ ಅದು. ಭಯದಿಂದ ಬರೋ ಮೌನಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಮೇಷ್ಟ್ರು: ಇವೆಲ್ಲ ಯಾಕೆ ಉಳಿದವು ಗೊತ್ತಾ? ಇವಕ್ಕೆ ಪಠ್ಯಪುಸ್ತಕ ಇರಲಿಲ್ಲ. ಅವು ಆ ಶಾಲೆಗಳ ದಿನಚರಿಯೇ ಆಗಿದ್ದವು. ಹೊಸದಾಗಿ ಬಂದ ಮಗು ಊಟದ ಹೊತ್ತು ಕಲಿತ ಹಾಗೆ ಮೌನದ ಹೊತ್ತನ್ನೂ ಕಲೀತಿತ್ತು. ದೊಡ್ಡವರೂ ಜೊತೆಯಲ್ಲೇ ಕೂರ್ತಿದ್ದರು.

ಶಿಕ್ಷಕಿ: ದೊಡ್ಡವರು ಕೂರೋದೇ ನನ್ನ ಯೋಜನೆಯ ಮೊದಲ ವರ್ಷ. ಆ ವರ್ಷ ತರಗತಿಯಲ್ಲಿ ಏನೂ ಇಲ್ಲ. ವಾರಕ್ಕೊಂದು ದಿನ ಅರ್ಧ ಗಂಟೆ, ಇಷ್ಟ ಇರೋ ಶಿಕ್ಷಕರು ಮಾತ್ರ. ತಾನು ನೀರಿಗಿಳಿಯದವನು ಮಕ್ಕಳಿಗೆ ಈಜು ಕಲಿಸೋಕೆ ಆಗಲ್ಲ.

ಮೇಷ್ಟ್ರು: ಆ ಅರ್ಧ ಗಂಟೆ ಎಲ್ಲಿಂದ ತರ್ತೀಯ? ನಿಮ್ಮ ಶಿಕ್ಷಕರಿಗೆ ಆನ್‌ಲೈನ್ ಎಂಟ್ರಿ, ಬಿಸಿಯೂಟದ ಲೆಕ್ಕ, ಸಮೀಕ್ಷೆ, ಚುನಾವಣೆ ಕೆಲಸ. ದಣಿದವರಿಗೆ ದಣಿವು ಕಳೆಯೋದಕ್ಕೆ ಅಂತ ಇನ್ನೊಂದು ಮೀಟಿಂಗ್ ಇಟ್ಟರೆ ಅವರು ಒಳಗೊಳಗೇ ಬೈಕೊಳ್ತಾರೆ.

ಶಿಕ್ಷಕಿ: ಒಂದನ್ನು ಸೇರಿಸೋ ಮೊದಲು ಒಂದನ್ನು ತೆಗೀಬೇಕು. ಶನಿವಾರದ ಸಿಬ್ಬಂದಿ ಸಭೆಯಲ್ಲಿ ಅರ್ಧ ಭಾಗ ನಾನು ಸುತ್ತೋಲೆ ಓದೋದರಲ್ಲೇ ಹೋಗುತ್ತೆ. ಅವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕ್ತೀನಿ, ಆ ಸಮಯ ಇದಕ್ಕೆ. ಆಮೇಲೆ ಅರ್ಧ ಗಂಟೆಗಿಂತ ಮುಖ್ಯವಾದದ್ದು ದಿನದ ನಡುವಿನ ಅರ್ಧ ನಿಮಿಷ. ಯಾವುದೋ ಮಾಹಿತಿ ಈಗಲೇ ಕಳಿಸಿ ಅಂತ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಿಂದ ಫೋನು ಬಂದಿರುತ್ತೆ. ಮೇಡಂ ಫೋನಿಟ್ಟು ಒಂಬತ್ತನೇ ತರಗತಿ ಕಡೆ ಹೆಜ್ಜೆ ಹಾಕ್ತಾರೆ. ದವಡೆ ಬಿಗಿದಿದೆ, ಸೀಮೆಸುಣ್ಣ ಹಿಡಿದ ಬೆರಳೂ ಬಿಗಿದಿದೆ. ಬಾಗಿಲ ಹತ್ತಿರ ಒಂದು ಕ್ಷಣ ನಿಂತು ಪಾದ ನೆಲ ಮುಟ್ಟಿರೋದನ್ನು ಗಮನಿಸ್ತಾರೆ, ಒಂದು ಉಸಿರು ಪೂರ್ತಿ ಹೊರಗೆ ಬಿಡ್ತಾರೆ, ‘ನನಗೀಗ ಸಿಟ್ಟು ಬಂದಿದೆ’ ಅಂತ ಮನಸ್ಸಿನಲ್ಲೇ ಹೇಳಿಕೊಳ್ತಾರೆ. ಸಿಟ್ಟು ಹೋಗಲಿಕ್ಕಿಲ್ಲ. ಆದರೆ ಹೋಂವರ್ಕ್ ತರದ ಹುಡುಗನ ಮೇಲೆ ಅದು ಬೀಳಲ್ಲ. ಆ ಹುಡುಗನಿಗೆ ನಮ್ಮ ಶಾಲೆಯ ಮೈಂಡ್‌ಫುಲ್‌ನೆಸ್ ಅಂದರೆ ಅಷ್ಟೇ. ತಾನು ಕಣ್ಣು ಮುಚ್ಚದೆಯೇ ಅದರ ಫಲ ಅವನಿಗೆ ಸಿಕ್ಕಿತು.

ಮೇಷ್ಟ್ರು: ಈ ಮಾತು ಒಪ್ಪಿದೆ. ಮಕ್ಕಳು ನಾವು ಹೇಳಿದ್ದನ್ನು ಮಾಡಲ್ಲ, ನಾವು ಮಾಡೋದನ್ನು ಮಾಡ್ತಾರೆ. ಸರಿ, ಎರಡನೇ ವರ್ಷ ತರಗತಿಗೆ ಹೋದಿರಿ ಅಂತಿಟ್ಟುಕೋ. ಅಲ್ಲಿ ಏನು?

ಶಿಕ್ಷಕಿ: ದಿನಕ್ಕೆ ಎರಡು–ಮೂರು ನಿಮಿಷ, ಅದೂ ಊಟ ಮುಗಿಸಿ ಬಂದ ಮೊದಲ ಪೀರಿಯಡ್‌ನಲ್ಲಿ. ಆಟದ ಗಲಾಟೆಯಿಂದ ಪಾಠಕ್ಕೆ ಮನಸ್ಸು ತಿರುಗೋಕೆ ಹೇಗೂ ಅಷ್ಟು ಹೊತ್ತು ಬೇಕೇ ಬೇಕು. ತಿಂಗಳಿಗೊಮ್ಮೆ ಸ್ವಲ್ಪ ಉದ್ದದ ಅಭ್ಯಾಸ. ಕಬಟ್–ಜಿನ್ ತಮ್ಮ ತರಬೇತಿಯಲ್ಲಿ ಒಂದು ಒಣದ್ರಾಕ್ಷಿ ಕೊಟ್ಟು ಅದನ್ನು ನಿಧಾನವಾಗಿ ತಿನ್ನಿಸ್ತಿದ್ದರು. ನಮಗೆ ಬಿಸಿಯೂಟದ ಜೊತೆ ಕೊಡೋ ಬಾಳೆಹಣ್ಣೇ ಸಾಕು. ಮೊದಲು ಅಂಗೈಲಿಟ್ಟು ತೂಕ ನೋಡೋದು. ಸಿಪ್ಪೆಯ ಮೇಲಿನ ಕಪ್ಪು ಚುಕ್ಕೆ, ತೊಟ್ಟಿನ ಹತ್ತಿರ ಇನ್ನೂ ಉಳಿದ ಹಸಿರು. ಸುಲಿಯುವಾಗ ಸಿಪ್ಪೆ ಬಿಟ್ಟುಕೊಳ್ಳೋ ಸದ್ದು ಕೇಳೋದು, ಹಣ್ಣಿಗೆ ಅಂಟಿದ ನಾರನ್ನು ಬೆರಳಿಂದ ಎಳೆಯೋದು. ಬಾಯಿಗಿಡೋ ಮೊದಲೇ ಬಾಯಲ್ಲಿ ನೀರೂರೋದನ್ನು ಗಮನಿಸೋದು. ಮೊದಲ ತುತ್ತು ಅಗಿದು ನುಂಗೋ ತನಕ ಮಾತಿಲ್ಲ. ಆಮೇಲೆ ಎಲ್ಲರೂ ಮಾತಾಡಬಹುದು, ‘ಏನು ಗಮನಿಸಿದಿರಿ?’ ಅಂತ ಕೇಳ್ತೀವಿ. ಸರಿ ಉತ್ತರ, ತಪ್ಪು ಉತ್ತರ ಅಂತ ಇಲ್ಲ. ‘ನನಗೆ ಏನೂ ಅನ್ನಿಸಲಿಲ್ಲ’ ಅಂದರೂ ಅದು ಗಮನಿಸಿದ ಮಾತೇ.

ಮೇಷ್ಟ್ರು: ಒಬ್ಬ ಹುಡುಗ ‘ನಾನು ಮಾಡಲ್ಲ’ ಅಂದರೆ?

ಶಿಕ್ಷಕಿ: ಮಾಡೋದು ಬೇಡ. ಬೇರೆಯವರಿಗೆ ತೊಂದರೆ ಕೊಡದೆ ಕೂತರೆ ಸಾಕು, ಟ್ಯಾಗೋರರ ಮಕ್ಕಳು ಅಳಿಲು ನೋಡಿದ ಹಾಗೆ ಕಿಟಕಿಯಾಚೆ ನೋಡಲಿ. ಕಣ್ಣು ಮುಚ್ಚಲೇಬೇಕು ಅಂತ ಯಾವತ್ತೂ ಹೇಳಲ್ಲ. ಮನೆಯಲ್ಲಿ ಹೊಡೆತ ತಿಂದ, ಯಾವುದೋ ಸಾವು ಕಂಡ ಮಗುವಿಗೆ ಕಣ್ಣು ಮುಚ್ಚಿದ ಕೂಡಲೆ ಅದೇ ಎದುರಿಗೆ ಬಂದು ನಿಲ್ಲಬಹುದು. ಅಂಥವರಿಗೆ ಉಸಿರಿಗಿಂತ ಪಾದದ ಕಡೆ, ಹೊರಗಿನ ಸದ್ದಿನ ಕಡೆ ಗಮನ ಇಡೋದು ಹಗುರ. ಇನ್ನೊಂದು, ಗಲಾಟೆ ಮಾಡಿದ ತರಗತಿಗೆ ಶಿಕ್ಷೆಯಾಗಿ ಇದನ್ನು ಮಾಡಿಸಬಾರದು. ಅಮೆರಿಕದ ಬಾಲ್ಟಿಮೋರ್ ನಗರದ ರಾಬರ್ಟ್ ಕೋಲ್ಮನ್ ಪ್ರಾಥಮಿಕ ಶಾಲೆಯಲ್ಲಿ ಜಗಳವಾಡಿದ ಮಕ್ಕಳನ್ನು ಶಿಕ್ಷೆಗೆ ಕೂರಿಸೋ ಬದಲು ಒಂದು ಶಾಂತ ಕೋಣೆಗೆ ಕಳಿಸ್ತಿದ್ದರು. ಅಲ್ಲಿ ದೊಡ್ಡವರೊಬ್ಬರು ಮಗುವಿನ ಜೊತೆ ಮಾತಾಡಿ, ಒಟ್ಟಿಗೆ ಉಸಿರಾಟದ ಅಭ್ಯಾಸ ಮಾಡ್ತಿದ್ದರು. ಕೋಣೆಗಿಂತ ಆ ಜೊತೆ ಮುಖ್ಯ.

ಮೇಷ್ಟ್ರು: ಈಗ ನನ್ನ ದೊಡ್ಡ ಅನುಮಾನ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಶಾಲೆ ತಾನೇ ಮಕ್ಕಳಿಗೆ ಒತ್ತಡ ಕೊಟ್ಟು, ಆಮೇಲೆ ಆ ಒತ್ತಡ ತಡ್ಕೊಳ್ಳೋದನ್ನೂ ತಾನೇ ಕಲಿಸೋದು ಎಷ್ಟು ಸರಿ? ಕಿರುಪರೀಕ್ಷೆಯ ಅಂಕ ನೋಟಿಸ್ ಬೋರ್ಡಿಗೆ ಅಂಟಿಸಿ, ಕೊನೆಯಲ್ಲಿರೋ ಹುಡುಗಿಗೆ ‘ಉಸಿರು ಗಮನಿಸಮ್ಮ’ ಅನ್ನೋದಾ? ಕುಡಿಯೋ ನೀರಿಲ್ಲದೆ, ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲದೆ, ಹೆಣ್ಣುಮಕ್ಕಳು ದಿನವಿಡೀ ತಡ್ಕೊಂಡು ಕೂರೋ ಶಾಲೆಗಳಿವೆ. ಅಲ್ಲಿ ಮಗು ತನ್ನ ದೇಹವನ್ನು ಗಮನಿಸಿದರೆ ಅದಕ್ಕೆ ಕಾಣೋದೇನು?

ಶಿಕ್ಷಕಿ: ಬೇಜಾರು ಯಾಕೆ ಮೇಷ್ಟ್ರೇ? ಇಡೀ ಶಾಲೆಯ ಅಭ್ಯಾಸ ಅನ್ನೋದಕ್ಕೆ ಅರ್ಥವೇ ಅದು. ಮಗು ಗಮನಿಸಿ ಹೇಳಿದ್ದನ್ನು ಶಾಲೆ ಕೇಳಿಸಿಕೊಳ್ಳಬೇಕು. ‘ಮಧ್ಯಾಹ್ನ ಹೊಟ್ಟೆ ನೋಯ್ತಿತ್ತು, ಶೌಚಾಲಯಕ್ಕೆ ಹೋಗೋಕೆ ಆಗಲಿಲ್ಲ’ ಅಂತ ಹುಡುಗಿ ಹೇಳಿದರೆ ಅವತ್ತೇ ಚಿಲಕ ಹಾಕಿಸೋದು ನನ್ನ ಅಭ್ಯಾಸ. ಅಂಕಪಟ್ಟಿ ಬೋರ್ಡಿಗೆ ಹಾಕೋದು ಈ ವರ್ಷದಿಂದ ನಿಲ್ಲುತ್ತೆ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಬಂದಿದೆ. ಅದರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನು ಮಾತ್ರ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತೆ. ಕೋಲು ಮೇಜಿನ ಮೇಲೆ ಇದ್ದಷ್ಟು ದಿನ ಮೈಂಡ್‌ಫುಲ್‌ನೆಸ್ ಮಾತನ್ನೇ ಎತ್ತಬಾರದು. ಆಮೇಲೆ, ಇದು ಚಿಕಿತ್ಸೆಯೂ ಅಲ್ಲ. ಮಗು ನಿದ್ದೆ ಬಿಟ್ಟಿದ್ದರೆ, ಬದುಕೇ ಬೇಡ ಅನ್ನೋ ಮಾತಾಡಿದರೆ, ಉಸಿರಾಟ ಹೇಳಿಕೊಟ್ಟು ಕಳಿಸೋ ಹಾಗಿಲ್ಲ. ಮನೆಯವರನ್ನು ಕರೆಸಬೇಕು, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಬೇಕು. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿ ಇದೆ, ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ. ಆ ನಂಬರನ್ನು ಪ್ರತಿ ತರಗತಿಯಲ್ಲೂ ಬರೆಸ್ತೀನಿ.

ಮೇಷ್ಟ್ರು: ಇಷ್ಟಾದರೆ ಅರ್ಧ ಗೆದ್ದ ಹಾಗೆ. ಇನ್ನು ಉಳಿಸಿಕೊಳ್ಳೋ ಮಾತು. ಸರ್ಕಾರಿ ಶಾಲೆಯಲ್ಲಿ ಒಳ್ಳೆಯ ಕೆಲಸ ನಿಂತುಹೋಗೋಕೆ ಸಾಮಾನ್ಯ ಕಾರಣ ವರ್ಗಾವಣೆ. ಮುಂದಿನ ವರ್ಷದ ಕೌನ್ಸೆಲಿಂಗ್‌ನಲ್ಲಿ ನೀನು ಬೇರೆ ತಾಲ್ಲೂಕಿಗೆ ಹೋದೆ. ಆಮೇಲೆ?

ಶಿಕ್ಷಕಿ: ಅದಕ್ಕೇ ಇದು ನನ್ನ ಹೆಸರಿನ ಕಾರ್ಯಕ್ರಮ ಆಗಬಾರದು. ಕನಿಷ್ಠ ಮೂವರು ಶಿಕ್ಷಕರು ಇದನ್ನು ಸ್ವಂತ ಅಭ್ಯಾಸ ಮಾಡಿಕೊಂಡಿರಬೇಕು, ಒಬ್ಬರು ಹೋದರೆ ಇಬ್ಬರು ಇರ್ತಾರೆ. ಗಂಟೆ ಹೊಡೆಯೋ ಡಿ ಗ್ರೂಪ್ ನೌಕರರು, ಅಡುಗೆಯವರು ಎಲ್ಲರೂ ಬರಬಹುದು. ದಿನವಿಡೀ ಹೊಗೆ, ಬಿಸಿ, ಗಡಿಬಿಡಿಯಲ್ಲಿರೋ ಅಡುಗೆ ಅಕ್ಕಂದಿರಿಗೆ ನಮಗಿಂತ ಹೆಚ್ಚು ಬೇಕು ಇದು. ಒಂಬತ್ತನೇ ತರಗತಿಯ ಮಕ್ಕಳು ಎಂಟನೆಯವರಿಗೆ ಮಾಡಿಸಲಿ, ಆಗ ಪ್ರತಿ ಹೊಸ ಬ್ಯಾಚಿಗೂ ಹೇಳಿಕೊಡೋರು ಮಕ್ಕಳಲ್ಲೇ ಇರ್ತಾರೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಪಾಲಕರಿಗೂ ಅದೇ ಗಂಟೆಯ ಅಭ್ಯಾಸ ಮಾಡಿಸಿ ತೋರಿಸ್ತೀವಿ. ತಾವೇ ಮಾಡಿ ನೋಡಿದ ಮೇಲೆ ‘ಶಾಲೆಯಲ್ಲಿ ಏನೋ ಪೂಜೆ ಮಾಡಿಸ್ತಾರಂತೆ’ ಅನ್ನೋ ಗುಮಾನಿ ಉಳಿಯಲ್ಲ. ಪ್ರತಿ ಜೂನ್‌ನಲ್ಲಿ ಹೊಸ ಶಿಕ್ಷಕರಿಗಾಗಿ ಮೊದಲಿಂದ ಶುರು. ಒಂದೇ ಸಲದ ತರಬೇತಿಯ ಲಾಭ ವರ್ಷದೊಳಗೆ ಕರಗುತ್ತೆ ಅಂತ ಬ್ರಿಟನ್ನಿನ ಆ ಅಧ್ಯಯನವೇ ತೋರಿಸಿದೆಯಲ್ಲ.

ಮೇಷ್ಟ್ರು: ಫೆಬ್ರವರಿ ಬಂದರೆ ಸಿಲಬಸ್ ಮುಗಿದಿಲ್ಲ ಅಂತ ಮೊದಲು ಆಟದ ಪೀರಿಯಡ್ ಹೋಗುತ್ತೆ. ಎರಡನೆಯದು ನಿನ್ನ ಈ ಮೂರು ನಿಮಿಷ.

ಶಿಕ್ಷಕಿ: ಗೊತ್ತು. ಫೆಬ್ರವರಿಯಲ್ಲಿ ಅದು ಉಳಿದರೆ ಮಾತ್ರ ಶಾಲೆಯದಾಯಿತು ಅಂತ ನಂಬ್ತೀನಿ. ಎಲ್ಲರೂ ಓಡ್ತಿರೋ ತಿಂಗಳಲ್ಲೇ ಅಲ್ಲವಾ ಅದು ಬೇಕಾಗಿರೋದು?

ಮೇಷ್ಟ್ರು: ಅಳತೆ? ನನಗೆ ಅದು ಬೇಕೇ ಬೇಕು.

ಶಿಕ್ಷಕಿ: ಅಳತೆ ಇರಲಿ, ಆದರೆ ಅಂಕ ಬೇಡ. ದೆಹಲಿ ಸರ್ಕಾರಿ ಶಾಲೆಗಳಲ್ಲಿ 2018ರ ಜುಲೈನಲ್ಲಿ ಹ್ಯಾಪಿನೆಸ್ ಪಠ್ಯಕ್ರಮ ಶುರುವಾಯಿತು. ದಲೈ ಲಾಮಾ ಅವರೇ ಉದ್ಘಾಟನೆ ಮಾಡಿದರು. ನರ್ಸರಿಯಿಂದ ಎಂಟನೇ ತರಗತಿ ತನಕ ಅದಕ್ಕೆಂದೇ ಪೀರಿಯಡ್, ಪ್ರತಿ ಪೀರಿಯಡ್ಡಿನ ಮೊದಲಿಗೆ ಕೆಲವು ನಿಮಿಷ ಮೈಂಡ್‌ಫುಲ್‌ನೆಸ್, ಆಮೇಲೆ ಕಥೆ, ಚಟುವಟಿಕೆ. ಬೆಂಗಳೂರಿನ ಡ್ರೀಮ್ ಎ ಡ್ರೀಮ್ ಸಂಸ್ಥೆಯೂ ಅದರಲ್ಲಿ ಕೈಜೋಡಿಸಿತ್ತು. ಆ ವಿಷಯಕ್ಕೆ ಪರೀಕ್ಷೆ ಇಡಲಿಲ್ಲ, ಅಂಕ ಇಡಲಿಲ್ಲ. ನನಗೆ ಅದು ತುಂಬ ಹಿಡಿಸಿದೆ. ಮಗುವಿಗೆ ‘ನೀನು ಎಷ್ಟು ಶಾಂತ?’ ಅಂತ ಅಂಕ ಕೊಟ್ಟರೆ ಎಲ್ಲ ಕೆಟ್ಟುಹೋಗುತ್ತೆ.

ಮೇಷ್ಟ್ರು: ಮಗುವನ್ನು ಅಳೆಯಬೇಡ, ಶಾಲೆಯನ್ನು ಅಳೆ. ತಿಂಗಳಿಗೆ ಎಷ್ಟು ಮಕ್ಕಳನ್ನು ತರಗತಿಯಿಂದ ಹೊರಗೆ ನಿಲ್ಲಿಸಿದಿರಿ, ಎಷ್ಟು ಜಗಳ ನಿನ್ನ ಕೋಣೆ ತನಕ ಬಂತು, ಸೋಮವಾರದ ಹಾಜರಿ ಎಷ್ಟು. ವರ್ಷಕ್ಕೆರಡು ಸಲ ಹೆಸರು ಬರೆಯದ ಚೀಟಿಯಲ್ಲಿ ಮಕ್ಕಳಿಂದ ಎರಡು ಪ್ರಶ್ನೆಗೆ ಉತ್ತರ ತಗೋ: ಈ ಶಾಲೆಯಲ್ಲಿ ನಿನಗೆ ಭಯ ಆಗುತ್ತಾ? ನಿನ್ನ ಮಾತು ಕೇಳೋರು ಒಬ್ಬರಾದರೂ ಇದ್ದಾರಾ? ಇದೇ ಚೀಟಿಯನ್ನು ಶಿಕ್ಷಕರಿಗೂ ಕೊಡು. ಲೆಕ್ಕ ನಾನು ಮಾಡಿಕೊಡ್ತೀನಿ.

ಶಿಕ್ಷಕಿ: ಕೊಟ್ಟ ಮಾತು ಮೇಷ್ಟ್ರೇ, ಮರೀಬೇಡಿ. ಚೀಟಿ ಈ ವರ್ಷವೇ, ಅಭ್ಯಾಸ ಶುರುವಾಗೋ ಮೊದಲೇ ಒಂದು ಸಲ ತಗೊಳ್ತೀನಿ. ಇಲ್ಲದಿದ್ದರೆ ಆಮೇಲೆ ಹೋಲಿಸೋಕೆ ಏನೂ ಇರಲ್ಲ.

ಮೇಷ್ಟ್ರು: ಅಷ್ಟು ಗಣಿತ ನಿನಗೆ ಕಲಿಸಿದ್ದೀನಿ ಅಂತಾಯ್ತು. ಕೊನೆಯದೊಂದು ಕೇಳ್ತೀನಿ. ಶನಿವಾರದ ಸಭೆಯಲ್ಲಿ ‘ಯಾರು ಬರ್ತೀರಿ?’ ಅಂತ ಕೇಳಿದೆ, ಒಬ್ಬರೂ ಕೈ ಎತ್ತಲಿಲ್ಲ. ಆಗ ಏನು ಮಾಡ್ತೀಯ?

ಶಿಕ್ಷಕಿ: ಆಜ್ಞೆ ಹೊರಡಿಸಲ್ಲ. ‘ಇದು ಬೇಡವಾದರೆ ನಿಮ್ಮ ದಿನ ಹಗುರ ಆಗೋಕೆ ಏನು ಬೇಕು?’ ಅಂತ ಒಬ್ಬೊಬ್ಬರನ್ನೂ ಕೇಳ್ತೀನಿ, ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ತೀನಿ. ಯಾರದೋ ತಾಯಿಗೆ ಹುಷಾರಿಲ್ಲ ಅಂದರೆ ಅವರ ಬೆಳಗಿನ ವಿಶೇಷ ತರಗತಿಯನ್ನು ನಾನು ತಗೊಳ್ತೀನಿ. ಯಾರಿಗೋ ಆನ್‌ಲೈನ್ ಎಂಟ್ರಿ ತಲೆನೋವಾಗಿದ್ದರೆ ಜೊತೆಗೆ ಕೂತು ಮುಗಿಸಿಕೊಡ್ತೀನಿ. ಮೂರು ತಿಂಗಳು ಬಿಟ್ಟು ಮತ್ತೆ ಕೇಳ್ತೀನಿ. ಅಲ್ಲಿಯ ತನಕ ನನ್ನ ಅಭ್ಯಾಸ ನಾನು ಮಾಡ್ತಿರ್ತೀನಿ.

ಮೇಷ್ಟ್ರು: ಹಾಗಾದರೆ ಶುರು ಮಾಡು. ಶನಿವಾರ ನಾನೂ ಬರ್ತೀನಿ. ಸಭೆಯಲ್ಲಿ ಕೈ ಎತ್ತೋರು ಒಬ್ಬರಾದರೂ ಇರ್ತಾರೆ.